ಹಿಟ್ಟಿಗೆ ರಜಾಯಿ ಹೊದಿಸಿದ ಚಳಿಗಾಲ

ದೆಹಲಿಯ ಪೀತಮ್‌ಪುರದ ಆ ಹಳೆಯ ಮನೆಯನ್ನು ಬಿಲ್ಡರ್‌ಗೆ ಕೊಟ್ಟಿದ್ದೇವೆ, ಒಡೆಯುವ ಮುಂಚೆ ಒಂದು ಸಲ ಬಂದು ನೋಡಿಕೊಂಡು ಹೋಗಿ ಎಂದು ಮನೆಯ ಒಡತಿ ಸಂತೋಷ್ ಆಂಟಿಯ ಮಗ ಫೋನ್ ಮಾಡಿದ್ದ. ಹೋದೆ. ಬಾಗಿಲು, ಕಿಟಕಿ ಎಲ್ಲ ಕಿತ್ತು ಸಾಗಿಸಿಯಾಗಿತ್ತು. ಮೆಟ್ಟಿಲ ಕೆಳಗಿನ ಸಂದಿಗೆ ತಲೆ ಬಗ್ಗಿಸಿ ನುಗ್ಗಿದೆ ನೋಡಿ, ಮೂಗಿಗೆ ಬಡಿಯಿತು. ಹುಳಿ. ಹದವಾಗಿ ಹುದುಗಿದ ಉದ್ದು, ಅಕ್ಕಿಯ ಹುಳಿ. ಅಷ್ಟು ವರ್ಷದಲ್ಲಿ ಎಷ್ಟು ಸಲ ಬಣ್ಣ ಹೊಡೆಸಿದ್ದರೋ, ಅದು ಮಾತ್ರ ಗೋಡೆ ಬಿಟ್ಟಿರಲಿಲ್ಲ. “ವೋ ಸ್ಮೆಲ್ ತೋ ಗಯೀ ಹೀ ನಹೀಂ ಆಂಟಿ” ಎಂದು ಹುಡುಗ ನಕ್ಕ. ಹೋಗುವುದಾದರೂ ಹೇಗೆ? ಒಂದು ಇಡೀ ಚಳಿಗಾಲ ನಾನು ಸಂಸಾರ ಮಾಡಿದ್ದೇ ಆ ಸಂದಿಯಲ್ಲಿ.

ಈಗ ನನ್ನ ಇಡ್ಲಿ ದೋಸೆ ಹಿಟ್ಟು ದೆಹಲಿ, ಗುಡಗಾಂವ್, ನೋಯಿಡಾ ಎಲ್ಲ ಕಡೆ ಸಿಗುತ್ತದೆ. ಹರಿಯಾಣದ ಗಡಿಯಲ್ಲಿ ಶೆಡ್ ಇದೆ, ಹಿಟ್ಟಿನ ಶಾಖ ನೋಡಿಕೊಳ್ಳುವುದಕ್ಕೆ ಯಂತ್ರ ಇದೆ. ಆಗಾಗ ಯಾರಾದರೂ ವೇದಿಕೆಗೆ ಕರೆದು ಮೈಕ್ ಕೊಟ್ಟು, “ಮೇಡಂ, ಮನೆ ಮತ್ತು ಕೆಲಸ ಎರಡನ್ನೂ ಹೇಗೆ ಬ್ಯಾಲೆನ್ಸ್ ಮಾಡಿದಿರಿ?” ಎಂದು ಕೇಳುತ್ತಾರೆ. ಮಾಡಲಿಲ್ಲ ಎನ್ನುತ್ತೇನೆ. ವಿನಯಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಮಾಡಲಿಲ್ಲ ಅಂದರೆ ಮಾಡಲಿಲ್ಲ. ನಂಬದವರಿಗೆ ಆ ಚಳಿಗಾಲದ ಕಥೆ ಹೇಳಬೇಕು.

ಮೆಟ್ರೋ ಪೀತಮ್‌ಪುರದವರೆಗೆ ಬಂದು ಆಗಿನ್ನೂ ಹೊಸತು. ನಮ್ಮವರು ಶ್ರೀಧರ, ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು, ಊರು ಮೈಸೂರು. ನಾನು ದಾವಣಗೆರೆಯವಳು. ಮಗಳು ಮೇಘಾ ಐದನೇ ಕ್ಲಾಸು. ಸಂತೋಷ್ ಆಂಟಿಯ ಮನೆಯ ಕೆಳಗಿನ ಭಾಗದಲ್ಲಿ ನಾವು ಬಾಡಿಗೆಗಿದ್ದೆವು, ಮೇಲೆ ಅವರು. ಆಂಟಿ ಪಂಜಾಬಿ ಹೆಂಗಸು. ದನಿಯೂ ದೊಡ್ಡದು, ಮನಸ್ಸೂ ದೊಡ್ಡದು. ನಮ್ಮವರಿಗೆ ಎಲ್ಲದರಲ್ಲೂ ಒಂದು ಅಳತೆ. ಊಟ ಅಳತೆಯಲ್ಲಿ, ಸಂಜೆ ಪಾರ್ಕಿನಲ್ಲಿ ಸುತ್ತುವುದು ಅಳತೆಯಲ್ಲಿ, ಸಿಟ್ಟು ಕೂಡ ಅಳತೆಯಲ್ಲೇ. ಅಂಥವರ ಜೊತೆ ಬಾಳುವುದು ಸುಲಭ, ನಾನೂ ಸುಲಭವಾಗಿಯೇ ಬಾಳುತ್ತಿದ್ದೆ. ಬೆಳಿಗ್ಗೆ ಡಬ್ಬಿ ಕಟ್ಟುವುದು, ಮಗಳನ್ನು ಸ್ಕೂಲ್ ಬಸ್ಸು ಹತ್ತಿಸುವುದು, ಮಧ್ಯಾಹ್ನ ಒಂದು ನಿದ್ದೆ, ಸಂಜೆ ತರಕಾರಿ ಭಯ್ಯಾನ ಹತ್ತಿರ ಪುಕ್ಕಟೆ ಕೊತ್ತಂಬರಿಗೆ ಜಗಳ. ಹೇಗಿದೀಯ ಎಂದು ಯಾರು ಕೇಳಿದರೂ ಚೆನ್ನಾಗಿದೀನಿ ಅನ್ನುತ್ತಿದ್ದೆ. ಒಳಗೊಳಗೆ ತುಕ್ಕು ಹಿಡಿಯುತ್ತಿದ್ದೆ.

ನಮ್ಮವರ ಸಹೋದ್ಯೋಗಿಯೊಬ್ಬರ ಅಕ್ಕನ ಮಗ ಓಲ್ಡ್ ರಾಜಿಂದರ್ ನಗರದಲ್ಲಿ ರೂಮು ಮಾಡಿಕೊಂಡು ಐಎಎಸ್‌ಗೆ ಓದುತ್ತಿದ್ದ. ಬ್ರೆಡ್ಡು, ಪರಾಠ ತಿಂದು ತಿಂದು ನಾಲಿಗೆ ಸತ್ತುಹೋಗಿದೆ ಅಂದನಂತೆ. ಪಾಪ ಎಂದು ಒಂದು ಡಬ್ಬ ದೋಸೆ ಹಿಟ್ಟು ಕಳಿಸಿದೆ. ಮರುವಾರ ಪಕ್ಕದ ರೂಮಿನವರೂ ಕೇಳಿದರು. ಆಂಧ್ರ, ತಮಿಳುನಾಡು, ಕೇರಳ, ನಮ್ಮ ಕಡೆಯವರು, ಆ ಗಲ್ಲಿಗಳ ತುಂಬ ದಕ್ಷಿಣದ ಹುಡುಗ ಹುಡುಗಿಯರೇ. ಅಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಗುಪ್ತಾಜಿ, “ಪ್ಯಾಕೆಟ್ ಮಾಡಿ ಕೊಡಿ, ನಾನು ಮಾರ್ತೀನಿ” ಅಂದರು. ಬೇಸಿಗೆ ಮುಗಿಯುವುದರೊಳಗೆ ಊರಿಂದ ಕಲ್ಲಿನ ಗ್ರೈಂಡರ್ ತರಿಸಿಕೊಂಡಿದ್ದೆ, ದಿನಾ ಬೆಳಿಗ್ಗೆ ಒಂದು ಆಟೋ ತುಂಬ ಹಿಟ್ಟು ಹೋಗುತ್ತಿತ್ತು.

ದೆಹಲಿಯ ಬೇಸಿಗೆಯಲ್ಲಿ ಹಿಟ್ಟು ಉಬ್ಬಿಸುವುದು ಒಂದು ಕೆಲಸವೇ ಅಲ್ಲ. ಊಟವಾದ ಮೇಲೆ ರುಬ್ಬಿಟ್ಟರೆ ಸಂಜೆ ಕಾಫಿ ಹೊತ್ತಿಗೆ ಮುಚ್ಚಳ ತಳ್ಳಿಕೊಂಡು ಹೊರಗೆ ಇಣುಕುತ್ತಿತ್ತು. ಎಲ್ಲರೂ ನಿನ್ನ ಕೈಗುಣ ಅಂದರು. ನಾನೂ ಹಾಗೆಂದೇ ನಂಬಿದ್ದೆ. ಅದು ಸೂರ್ಯನ ಕೈಗುಣ ಎಂದು ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ.

ಒಂದು ಬೆಳಿಗ್ಗೆ ಡಬ್ಬ ತೆರೆದರೆ ಹಿಟ್ಟು ರಾತ್ರಿ ಇಟ್ಟ ಹಾಗೇ ಕೂತಿದೆ. ಒಂದು ಗುಳ್ಳೆ ಇಲ್ಲ. ಸ್ನಾನ ಮಾಡಿಸಿ ಕೂರಿಸಿದ ಮಗುವಿನ ಹಾಗೆ ತಣ್ಣಗೆ, ನುಣ್ಣಗೆ. ಅವತ್ತು ಅದನ್ನೇ ಕಳಿಸಿದೆ. ಇಡ್ಲಿ ಕಲ್ಲಾಗಿದೆ ಎಂದು ಮಧ್ಯಾಹ್ನದೊಳಗೆ ವಾಪಸ್ ಬಂತು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಹುಚ್ಚು.

ಬಿಸಿನೀರಲ್ಲಿ ರುಬ್ಬಿದೆ. ಮೆಂತ್ಯ ಜಾಸ್ತಿ ಹಾಕಿದೆ, ಅವಲಕ್ಕಿ ಹಾಕಿದೆ, ಉಪ್ಪು ಮೊದಲೇ ಹಾಕಿದೆ, ಆಮೇಲೆ ಹಾಕಿದೆ, ಹಾಕದೆಯೇ ಇಟ್ಟೆ. ರೂಮ್ ಹೀಟರ್ ಮುಂದೆ ಸಾಲಾಗಿ ಡಬ್ಬ ಜೋಡಿಸಿದರೆ ಮುಂದಿನದು ಹುಳಿಯಾಗಿ ಕೆಟ್ಟಿತು, ಹಿಂದಿನದಕ್ಕೆ ಸುದ್ದಿಯೇ ಮುಟ್ಟಲಿಲ್ಲ. ಮಗಳ ಜ್ವರ ನೋಡುವ ಥರ್ಮಾಮೀಟರನ್ನು ಹಿಟ್ಟಿನಲ್ಲಿ ಅದ್ದಿದೆ. ಪಾದರಸ ಮೇಲೇಳಲೇ ಇಲ್ಲ. ಅದರಲ್ಲಿ ಅಂಕಿ ಶುರುವಾಗುವುದೇ ಮನುಷ್ಯರ ಮೈಬಿಸಿಯ ಹತ್ತಿರ ಎಂದು ನಮ್ಮವರು ತಾಳ್ಮೆಯಿಂದ ವಿವರಿಸಿದರು. ಆಮೇಲೆ ಅದನ್ನು ತೊಳೆದು, ಇನ್ನೊಮ್ಮೆ ತೊಳೆದು, ಬೀರುವಿನಲ್ಲಿಟ್ಟು ಬೀಗ ಹಾಕಿದರು.

ನನಗೆ ಬೇರೆ ಯೋಚನೆಯೇ ಇರಲಿಲ್ಲ. ತಲೆ ಬಾಚುವಾಗ ಹಿಟ್ಟು, ಮಗಳಿಗೆ ಮಗ್ಗಿ ಹೇಳಿಕೊಡುವಾಗ ಹಿಟ್ಟು. ಸ್ಕೂಲಿನಲ್ಲಿ ಟೀಚರು ಮೇಘಾಳ ಗಣಿತದ ಬಗ್ಗೆ ಮಾತಾಡುತ್ತಿದ್ದರೆ ನನ್ನ ಕಣ್ಣು ಅವರ ಮೇಜಿನ ಕೆಳಗಿನ ಹೀಟರ್ ಮೇಲೆ. ಇದು ಯಾವ ಕಂಪನಿಯದು ಎಂದು ಕೇಳಿಯೂಬಿಟ್ಟೆ. ಮಗಳು ನನ್ನ ಕೈ ಬಿಡಿಸಿಕೊಂಡು ಮುಂದೆ ಮುಂದೆ ನಡೆದಳು. ನಿಜ ಹೇಳುತ್ತೇನೆ, ಅಷ್ಟು ಸುಖವಾಗಿ ನಾನು ಅದಕ್ಕೆ ಮುಂಚೆ ಯಾವತ್ತೂ ಇರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಎದ್ದು ಓಡುವಂಥದ್ದು ಒಂದು ಇದೆಯಲ್ಲ, ಅದು ಕೆಟ್ಟು ಕೂತಿದ್ದರೂ ಸರಿ, ಓಡುವುದಕ್ಕೆ ಒಂದು ಇದೆ. ಆ ಸುಖ ಕಂಡವರಿಗೇ ಗೊತ್ತು.

ಅಂಥ ಹೊತ್ತಿನಲ್ಲಿ ನಮ್ಮವರಿಗೆ ಮೈಸೂರಿಗೆ ವರ್ಗ ಆಯಿತು.

ದೆಹಲಿಯಲ್ಲಿರುವ ನಮ್ಮ ಕಡೆಯ ಸರ್ಕಾರಿ ನೌಕರರಿಗೆ ಊರಿಗೆ ವರ್ಗವೆಂದರೆ ಏನು ಎಂಬುದು ಹೊರಗಿನವರಿಗೆ ಅರ್ಥವಾಗುವುದಿಲ್ಲ. ಮದುವೆಯ ಮಾತುಕತೆಯಲ್ಲೂ ಅದೇ, ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿದರೂ ಅದೇ ಬೇಡಿಕೆ. ನಮ್ಮವರು ವರ್ಷಾ ವರ್ಷಾ ಅರ್ಜಿ ಹಾಕಿ ಹಾಕಿ, ಬಂದಾಗ ಬರಲಿ ಎಂದು ಕೈಬಿಟ್ಟಿದ್ದರು. ಅವತ್ತು ಮಿಠಾಯಿ ಡಬ್ಬ ಹಿಡಿದುಕೊಂಡು ಮನೆಗೆ ಬಂದರು. ಅವರ ಮುಖದಲ್ಲಿ ಅಷ್ಟು ನಗು ನಾನು ಮದುವೆಯಲ್ಲೂ ನೋಡಿರಲಿಲ್ಲ.

“ಮಾರ್ಚ್ ಮುಗಿಯೋದ್ರೊಳಗೆ ಹೋಗಿ ಸೇರ್ಕೋಬೇಕು. ಮೇಘಾ ಪರೀಕ್ಷೆ ಮುಗಿದ ತಕ್ಷಣ ಹೊರಟ್ರೆ ಆಯ್ತು” ಅಂದರು. ಆಮೇಲೆ ನನ್ನ ಮುಖ ನೋಡಿದರು. “ಏನು?”

“ನನ್ನ ಹಿಟ್ಟು?”

“ಮೈಸೂರಲ್ಲಿ ರುಬ್ಬು. ಯಾರು ಬೇಡ ಅಂದ್ರು?”

“ಮೈಸೂರಲ್ಲಿ ನನ್ನ ಹಿಟ್ಟು ಯಾರಿಗೆ ಬೇಕ್ರೀ? ಬೀದಿಗೆ ಹತ್ತು ದೋಸೆ ಹೋಟ್ಲು. ಬೇಕಾಗಿರೋದು ಇಲ್ಲಿ.”

ಅವರು ಮಿಠಾಯಿ ಡಬ್ಬ ಮೇಜಿನ ಮೇಲಿಟ್ಟು ನಿಧಾನಕ್ಕೆ ಕೂತರು. “ಲಲಿತಾ, ನೀನು ಊಟ ಸರಿಯಾಗಿ ಮಾಡಿ ಎಷ್ಟು ದಿನ ಆಯ್ತು? ಮಗೂ ಜೊತೆ ಕೂತು ಎಷ್ಟು ದಿನ ಆಯ್ತು? ಮಾಡು, ಬೇಡ ಅನ್ನಲ್ಲ. ಅತಿ ಬೇಡ. ಅತಿಯಾದ್ರೆ ಅಮೃತವೂ ವಿಷ.”

“ಆ ಅಮೃತ ಬಂದಿದ್ದಾದ್ರೂ ಹೇಗೆ? ಸಮುದ್ರ ಕಡೆದೋರು ಹತ್ತರಿಂದ ಐದರ ತನಕ ಕಡೆದು ಮನೆಗೆ ಹೋದ್ರಾ?”

ಅವರಿಗೆ ನಗು ಬಂತು, ತಡೆದುಕೊಂಡರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಉಂಡೆವು, ಮಲಗಿದೆವು, ಬೆಳಿಗ್ಗೆ ಎದ್ದರೂ ಜಗಳ ಅಲ್ಲೇ ಕೂತಿತ್ತು. ಕೊನೆಗೆ ನಾನೇ ಒಂದು ಮಾತು ಇಟ್ಟೆ. ಸಂಕ್ರಾಂತಿ ತನಕ ಟೈಮ್ ಕೊಡಿ. ಅಷ್ಟರೊಳಗೆ ಈ ಚಳಿಯಲ್ಲಿ ಹಿಟ್ಟು ಉಬ್ಬಿಸಿ ತೋರಿಸುತ್ತೇನೆ. ಉಬ್ಬಿದರೆ ನಾನು ಇಲ್ಲೇ ಇರುವ ದಾರಿ ಯೋಚಿಸೋಣ. ಇವತ್ತಿಂದ ಹದಿನೈದು ದಿನ ಬಿಟ್ಟು, ಆಮೇಲೆ ಒಂದೇ ಒಂದು ದಿನ ಹಿಟ್ಟು ಕೈಕೊಟ್ಟರೂ ಬಾಯಿ ಮುಚ್ಚಿಕೊಂಡು ಗಂಟುಮೂಟೆ ಕಟ್ಟುತ್ತೇನೆ.

“ಒಂದೇ ದಿನ ಅಂತ ನೀನೇ ಹೇಳಿದ್ದು” ಅಂದರು.

“ನಾನೇ ಹೇಳಿದ್ದು.”

ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಸಂತೋಷ್ ಆಂಟಿಯ ಕಬ್ಬಿಣದ ಪೇಟಿ ಇತ್ತು. ಪಂಜಾಬಿಗಳ ಮನೆಯಲ್ಲಿ ರಜಾಯಿಗಳನ್ನು, ಅಂದರೆ ಹತ್ತಿ ತುಂಬಿದ ದಪ್ಪ ಹೊದಿಕೆಗಳನ್ನು, ತುಂಬಿಡುವ ಪೇಟಿ, ಇಬ್ಬರು ಮಲಗಬಹುದಾದಷ್ಟು ದೊಡ್ಡದು. ಚಳಿಗಾಲದಲ್ಲಿ ರಜಾಯಿಯೆಲ್ಲ ಹಾಸಿಗೆಯ ಮೇಲೆ, ಪೇಟಿ ಖಾಲಿ. ಒಂದು ದಿನ ಬಟ್ಟೆ ಒಣಹಾಕಿ ಇಳಿಯುವಾಗ ಅದನ್ನು ನೋಡಿ ನಿಂತುಬಿಟ್ಟೆ. ಮೇಲೆ ಓಡಿಹೋಗಿ ಆಂಟಿಯನ್ನು ಕೇಳಿದೆ. ಯಾಕೆ ಎಂದು ಕೇಳಿ, ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕು, “ಲೇ ಜಾ, ಲೇ ಜಾ”, ಧಾರಾಳವಾಗಿ ತಗೋ ಅಂದರು. ಕರೆಂಟಿನ ಭಯ್ಯಾನನ್ನು ಕರೆದು ಒಳಗೆ ನಾಲ್ಕು ಮೂಲೆಗೆ ನಾಲ್ಕು ಬಲ್ಬು ಹಾಕಿಸಿದೆ. ಸುತ್ತಲೂ ಹಳೆ ಕಂಬಳಿ, ನಡುವೆ ಡಬ್ಬ, ಮೇಲೆ ನಮ್ಮ ಹಾಸಿಗೆಯ ಒಂದು ರಜಾಯಿ. ಮೊದಲ ದಿನ ಅರ್ಧ ಉಬ್ಬಿತು. ಬಲ್ಬುಗಳನ್ನು ಕೆಳಗಿಳಿಸಿದೆ, ಇನ್ನೊಂದು ರಜಾಯಿ ಹೇರಿದೆ. ಮುಂಜಾನೆ ಮುಚ್ಚಳ ತೆಗೆದರೆ ಹಿಟ್ಟು ಕಂಠದವರೆಗೆ ಬಂದು, ಮೇಲೆ ಸಣ್ಣ ಸಣ್ಣ ಗುಳ್ಳೆ ಒಡೆಯುತ್ತಿವೆ. ಆ ಸಂದಿಯಲ್ಲಿ ಮಂಡಿಯೂರಿ ಕೂತು ಒಬ್ಬಳೇ ನಕ್ಕೆ.

ಡಿಸೆಂಬರ್ ಪೂರ್ತಿ ಉಬ್ಬಿತು. ಮಂಜು ಇಳಿದು ಎದುರು ಮನೆ ಕಾಣದ ದಿನಗಳಲ್ಲೂ ಉಬ್ಬಿತು. ಸಂತೋಷ್ ಆಂಟಿ ಬೆಳಿಗ್ಗೆ ಹಾಲು ತರಲು ಇಳಿದವರು, “ತೇರಾ ಬಚ್ಚಾ ಉಠ್ ಗಯಾ?” ಎಂದು ಕೇಳುತ್ತಿದ್ದರು. ನಿನ್ನ ಮಗು ಎದ್ದಿತಾ ಎಂದರೆ ಮೇಘಾ ಅಲ್ಲ, ಹಿಟ್ಟು. ಮೇಘಾಳಿಗೂ ಅದು ಗೊತ್ತಿತ್ತು.

ಹೊಸ ವರ್ಷಕ್ಕೆ ಚಳಿ ಇನ್ನೂ ಬಿಗಿಯಿತು. ಸ್ಕೂಲುಗಳಿಗೆ ರಜಾ ಕೊಟ್ಟರು. ಪೇಟಿಗೆ ಇನ್ನೊಂದು ಹೊದಿಕೆ ಬೇಕಾಯಿತು. ಮನೆಯಲ್ಲಿ ಉಳಿದಿದ್ದದ್ದು ಮಗಳ ಮೈಮೇಲಿನ ರಜಾಯಿ. ಸಂಜೆ ಅವಳು ಅದನ್ನು ಹೊದ್ದು ಕಾರ್ಟೂನ್ ನೋಡುತ್ತಿದ್ದಳು. ನಾನು ಎಳೆದುಕೊಂಡು ನನ್ನ ಶಾಲು ಹೊದಿಸಿದೆ.

“ಅಮ್ಮಾ, ಠಂಡ್ ಆಗ್ತಿದೆ” ಅಂದಳು. “ಹಿಟ್ಟಿಗೆ ರಜಾಯಿ, ನನಗೆ ಶಾಲು?”

“ನೀನು ಹೀಟರ್ ಹತ್ರ ಕೂತ್ಕೋ. ಹಿಟ್ಟಿಗೆ ಕೂರೋಕೆ ಬರಲ್ಲ.”

“ನನಗಿಂತ ಹಿಟ್ಟು ಜ್ಯಾದಾ ಇಷ್ಟಾನಾ ನಿಂಗೆ?”

ಇಲ್ಲ ಅಂದೆ. ಅದು ನಿಜವೇ. ಆದರೆ ರಜಾಯಿ ವಾಪಸ್ ಕೊಡಲಿಲ್ಲ. ನನ್ನ ಸ್ವೆಟರ್ ಬಿಚ್ಚಿ ಅವಳಿಗೆ ಹಾಕಿ, ಬಿಸಿ ಹಾಲು ಕೊಟ್ಟು, ನಡುಗಿಕೊಂಡು ಪೇಟಿ ಕಡೆ ಹೋದೆ. ಸಂಕಟವಾದರೂ ಹೋದೆ ಎಂಬುದನ್ನೇ ನಾನು ಈ ವೇದಿಕೆಯವರಿಗೆ ಹೇಳಲು ನೋಡುವುದು. ಕೇಳಿಸಿಕೊಳ್ಳುವುದಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಲೋಹ್ಡಿ. ಪಂಜಾಬಿಗಳು ಮನೆ ಮುಂದೆ ಬೆಂಕಿ ಹಾಕಿ, ಕಡಲೆಕಾಯಿ, ಎಳ್ಳಿನ ಮಿಠಾಯಿ ತಿಂದು ಹಾಡು ಹೇಳುವ ಹಬ್ಬ. ಮರುದಿನ ನಮ್ಮ ಹಬ್ಬ. ರಾಜಿಂದರ್ ನಗರದ ಹುಡುಗರು ಸೇರಿ ಹಬ್ಬಕ್ಕೆ ದೋಸೆ ಹುಯ್ಯುತ್ತೇವೆ ಎಂದು ಗುಪ್ತಾಜಿಗೆ ಯಾವತ್ತಿನ ಎರಡರಷ್ಟು ಹಿಟ್ಟು ಹೇಳಿದ್ದರು. ರುಬ್ಬಿ, ಕೈಯಾಡಿಸಿ, ಡಬ್ಬಗಳನ್ನೆಲ್ಲ ಪೇಟಿಗೆ ಇಳಿಸಿ ಸೊಂಟ ನೇರ ಮಾಡಿದೆ. ಈ ಒಂದು ದಿನ ದಾಟಿದರೆ ಗೆದ್ದೆ. ಅಷ್ಟರಲ್ಲಿ ಬೀದಿಯ ಮೂಲೆಯ ಟ್ರಾನ್ಸ್‌ಫಾರ್ಮರ್ ಢಮ್ ಅಂತು. ಇಡೀ ಬ್ಲಾಕ್ ಕತ್ತಲಾಯಿತು.

ಪೇಟಿ ಆರತೊಡಗಿತು. ಕೈಯಿಟ್ಟು ನೋಡುತ್ತಲೇ ಇದ್ದೆ. ಗ್ಯಾಸಿನ ಮೇಲೆ ನೀರು ಕಾಯಿಸಿ ಬಾಟಲಿಗೆ ತುಂಬಿ ಒಳಗಿಟ್ಟೆ. ಬಾಟಲಿಗಳು ಅರ್ಧ ಗಂಟೆಗೆ ತಣ್ಣಗಾದವು. ಲೈನ್‌ಮ್ಯಾನ್ ಬಂದು ನೋಡಿ, ನಾಳೆ ಮಧ್ಯಾಹ್ನದ ಮಾತು ಎಂದು ಹೊರಟುಹೋದ. ಗೇಟಿನ ಹೊರಗೆ ಸಂತೋಷ್ ಆಂಟಿಯ ಬೆಂಕಿ ಆಗಷ್ಟೇ ಹೊತ್ತಿ ಮೇಲೆದ್ದಿತ್ತು. ಬೀದಿಯ ಜನವೆಲ್ಲ ಸುತ್ತ ನಿಂತಿದ್ದರು. ನನಗೆ ಹಾಡೂ ಕೇಳಿಸಲಿಲ್ಲ, ಜನರೂ ಕಾಣಲಿಲ್ಲ. ಬೆಂಕಿ ಕಂಡಿತು.

ಒಂದೊಂದೇ ಡಬ್ಬ ಹೊತ್ತುಕೊಂಡು ಹೋಗಿ ಬೆಂಕಿಯ ಸುತ್ತ ಇಡತೊಡಗಿದೆ. ಕುಣಿಯುತ್ತಿದ್ದ ಹುಡುಗಿಯರು ಸರಿದು ಜಾಗ ಬಿಟ್ಟರು. ಯಾರೋ ಇದೇನು ಮದ್ರಾಸಿಗಳ ಪೂಜೆಯಾ ಎಂದು ಕೇಳಿದ್ದಕ್ಕೆ ಆಂಟಿ ಗಂಭೀರವಾಗಿ ಹೌದು ಅಂದರು. ಒಬ್ಬ ಮುದುಕ ಭಕ್ತಿಯಿಂದ ಒಂದು ಡಬ್ಬದ ಮೇಲೆ ಕಡಲೆಕಾಯಿ ಹಾಕಿ ಕೈ ಮುಗಿದ. ನಾನು ಸೆರಗು ಸಿಕ್ಕಿಸಿಕೊಂಡು ಡಬ್ಬಗಳನ್ನು ತಿರುಗಿಸುತ್ತ ಸುತ್ತು ಹಾಕುತ್ತಿದ್ದೆ.

ನಮ್ಮವರು ಮಂಕಿ ಕ್ಯಾಪ್ ಹಾಕಿಕೊಂಡು ಗೇಟಿನ ಹತ್ತಿರ ಬಂದು ನಿಂತರು. “ಲಲಿತಾ, ಬೆಂಕಿ ಇರೋದು ಒಂದು ಕಡೆ. ಡಬ್ಬಕ್ಕೆ ನಾಲ್ಕು ಕಡೆ. ಇದು ಆಗಲ್ಲ.”

“ತಿರುಗಿಸ್ತಾ ಇದೀನಲ್ಲ.”

“ಒಳಗೆ ಬಾ. ಜನ ನೋಡ್ತಿದಾರೆ.”

“ನೋಡ್ಲಿ ಬಿಡಿ.”

ಅವರು ಒಳಗೆ ಹೋದರು. ಅವರು ಹೇಳಿದ್ದೇ ಸರಿ ಇತ್ತು. ಬೆಳಿಗ್ಗೆ ಡಬ್ಬ ತೆರೆದರೆ ಬೆಂಕಿ ತಾಗಿದ ಕಡೆ ಹಿಟ್ಟು ಬೆಂದು ಗೋಡೆಗೆ ಇಡ್ಲಿಯ ಹಾಗೆ ಅಂಟಿಕೊಂಡಿದೆ. ಉಳಿದದ್ದು ಹಸಿ. ಒಂದು ಡಬ್ಬವೂ ಉಳಿದಿರಲಿಲ್ಲ.

ಮಾತು ಎಂದರೆ ಮಾತು. ಸೋತಿದ್ದೆ. ಹಿಟ್ಟಿಲ್ಲ, ಇನ್ನು ಮುಂದೆಯೂ ಇರುವುದಿಲ್ಲ ಎಂದು ಹೇಳಿ ಬರೋಣ ಎಂದು ನಾನೇ ರಾಜಿಂದರ್ ನಗರಕ್ಕೆ ಹೋದೆ. ಆಟೋದಲ್ಲಿ ಬಾಯಿಪಾಠ ಮಾಡಿಕೊಂಡೆ: ಯಜಮಾನರಿಗೆ ವರ್ಗ ಆಗಿದೆ, ಊರಿಗೆ ಹೋಗ್ತಿದೀವಿ, ಇಷ್ಟು ದಿನ ತಗೊಂಡಿದ್ದಕ್ಕೆ ಧನ್ಯವಾದ. ಗುಪ್ತಾಜಿ ಅಂಗಡಿಯ ಮುಂದೆ ಹುಡುಗ ಹುಡುಗಿಯರು ಪಾತ್ರೆ ಹಿಡಿದುಕೊಂಡು ನಿಂತಿದ್ದರು. ಅವರಲ್ಲಿ ಶಬಾನಾ ಇದ್ದಳು. ಕಲಬುರಗಿಯ ಹುಡುಗಿ, ಎರಡು ಸಲ ಪರೀಕ್ಷೆಗೆ ಕೂತು ಆಗದೆ ಮೂರನೇ ಸಲಕ್ಕೆ ಓದುತ್ತಿದ್ದವಳು. ವಾರಕ್ಕೆರಡು ಸಲ ನನ್ನ ಹಿಟ್ಟು ಒಯ್ಯುತ್ತಿದ್ದಳು.

“ಅಕ್ಕಾ, ಹಿಟ್ಟೆಲ್ಲಿ?” ಅಂದಳು.

“ಕೆಟ್ಟೋಯ್ತು ಕಣೆ. ಕರೆಂಟ್ ಇರಲಿಲ್ಲ.”

ಯಾರೂ ಬೈಯಲಿಲ್ಲ. ಒಂದಿಬ್ಬರು ಬ್ರೆಡ್ ತೆಗೆದುಕೊಂಡು ಹೊರಟರು. ಶಬಾನಾ ಪಾತ್ರೆಯನ್ನು ಕಂಕುಳಲ್ಲಿ ಇಟ್ಟುಕೊಂಡು, “ಹೋಗ್ಲಿ ಬಿಡ್ರಿ. ನಾಳೆ ಬರ್ತದಲ್ಲಾ?” ಎಂದು ಕೇಳಿದಳು.

“ಬರುತ್ತೆ” ಅಂದೆ.

ಬಾಯಿಪಾಠ ಮಾಡಿಕೊಂಡು ಹೋದದ್ದು ಒಂದು, ಬಾಯಿಗೆ ಬಂದದ್ದು ಇನ್ನೊಂದು. ವಾಪಸ್ ಬರುವ ದಾರಿಯಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾ ಎಂದು ನನ್ನನ್ನೇ ಕೇಳಿಕೊಂಡೆ. ಬೇಡ ಅನ್ನಿಸಿತು. ಹೆದರಿಕೆಯೂ ಆಗಲಿಲ್ಲ. ಆಟೋದವನಿಗೆ ಸದರ್ ಬಜಾರಿನ ಕಡೆ ತಿರುಗಿಸು ಎಂದು ಹೇಳಿ ಉದ್ದಿನಬೇಳೆ ಮೂಟೆ ಹಾಕಿಸಿಕೊಂಡೇ ಮನೆಗೆ ಬಂದೆ.

ಅವತ್ತು ನಮ್ಮವರು ಹಬ್ಬಕ್ಕೆಂದು ರಜಾ ಹಾಕಿದ್ದರು. ಮೇಘಾ ಎಳ್ಳು ಬೆಲ್ಲದ ತಟ್ಟೆ ಹಿಡಿದು ಮೇಲೆ ಆಂಟಿಯ ಮನೆಗೆ ಹೋಗಿದ್ದಳು. ನಾನು ಮೂಟೆ ಇಳಿಸುವುದನ್ನು ಅವರು ಕುರ್ಚಿಯಲ್ಲಿ ಕೂತು ನೋಡಿದರು.

“ಹಿಟ್ಟು ಕೈಕೊಡ್ತು” ಅಂದೆ.

“ನೋಡಿದೆ.”

“ನಾಳೆ ಕಳಿಸ್ತೀನಿ ಅಂತ ಹೇಳಿ ಬಂದೆ.”

“ನಮ್ಮಿಬ್ಬರ ಮಧ್ಯೆ ಒಂದು ಮಾತಿತ್ತು.”

“ಇತ್ತು. ನಾನೇ ಹೇಳಿದ್ದು. ಈಗ ನಾನೇ ಮುರೀತಿದೀನಿ. ಕರೆಂಟ್ ಹೋಯ್ತು ಅಂತ ನೆಪ ಹೇಳಲ್ಲ. ಸೋತೆ. ಸೋತ್ರೂ ಬರಲ್ಲ.”

“ನನಗೋಸ್ಕರಾನೂ ಬರಲ್ವಾ?”

ಆ ಮನುಷ್ಯ ಅಲ್ಲಿಯವರೆಗೆ ನನಗೋಸ್ಕರ ಎಂಬ ಪದ ಬಳಸಿದವರೇ ಅಲ್ಲ. “ಬಂದ್ರೆ ದಿನಾ ನಿಮ್ಮ ಮುಖ ನೋಡಿ ಇದನ್ನ ನೆನೆಸ್ಕೊಳ್ತೀನಿ. ಅದು ನಿಮಗೂ ಬೇಡ, ನನಗೂ ಬೇಡ” ಅಂದೆ. “ಎಲ್ಲ ಅಳತೆಯಲ್ಲಿ ಇಟ್ಕೊಂಡು ಇಷ್ಟು ವರ್ಷ ಬಾಳಿದೆ. ಈಗ ಒಂದು ಸಿಕ್ಕಿದೆ. ಇದನ್ನ ಅಳತೆಯಲ್ಲಿ ಮಾಡೋಕೆ ನಂಗೆ ಬರಲ್ಲ. ಮಾಡಿದ್ರೆ ಹೀಗೇ. ನೀವು ಹೋಗ್ಬೇಡಿ ಅಂತ ನಾನು ಹೇಳಲ್ಲ.”

“ನೀನು ಹೇಳಿದ್ರೂ ನಾನು ಕೇಳಲ್ಲ” ಅಂದರು. “ಬಸ್ಸು ಹತ್ತಿದ್ರೆ ಕಂಡಕ್ಟರು ಕನ್ನಡದಲ್ಲಿ ಮಾತಾಡಬೇಕು ನನಗೆ. ಅಷ್ಟೇ ಆಸೆ. ನನಗೂ ಹಠ ಇದೆ ಲಲಿತಾ. ನಿನ್ನ ಹಠದಷ್ಟು ಸದ್ದು ಮಾಡಲ್ಲ.”

ಜಗಳ ಅಲ್ಲಿಗೆ ಮುಗಿಯಿತು.

ಮೇಘಾಳನ್ನು ಏನು ಮಾಡುವುದು ಎಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಲಾರದೆ ಒದ್ದಾಡುತ್ತಿದ್ದಾಗ ಅವಳೇ ಹೇಳಿದಳು. “ನಾನು ಅಪ್ಪನ ಜೊತೆ ಹೋಗ್ತೀನಿ. ಅಲ್ಲಿ ಅಜ್ಜಿ ಇದಾರೆ, ದೊಡ್ಡಪ್ಪ ದೊಡ್ಡಮ್ಮ ಇದಾರೆ. ಅಪ್ಪ ಒಬ್ರೇ ಅಕೇಲಾ ಆಗ್ತಾರೆ. ನೀನು ಬಿಝಿ ಇರ್ತೀಯ.” ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು. ನಾನು ಹೂಂ ಅಂದೆ.

ಸುದ್ದಿ ಹಬ್ಬಿತು. ಕನ್ನಡದವರ ಮನೆಗಳಲ್ಲಿ ನಾನು ಗಂಡನನ್ನು ಬಿಟ್ಟವಳಾದೆ. ಮೈಸೂರಿಂದ ಓರಗಿತ್ತಿ ಫೋನ್ ಮಾಡಿ, “ಹಿಟ್ಟು ರುಬ್ಬೋಕೆ ಯಾರಾದ್ರೂ ಸಂಸಾರ ಒಡ್ಕೋತಾರಾ?” ಎಂದು ಕೇಳಿದಳು. ಸ್ಕೂಲಲ್ಲಿ ಟೀಚರಿಗೂ ತಿಳಿಯಿತು. ಸಂತೋಷ್ ಆಂಟಿ ಮಾತ್ರ ಒಂದು ದಿನ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಪಾಗಲ್ ಹೈ ತೂ”, ಹುಚ್ಚಿ ನೀನು ಎಂದು ಹೇಳಿ, ಪೇಟಿಯ ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು. ಅವರ ರಜಾಯಿಗಳಿಗೆ ಬೇರೆ ಪೇಟಿ ತರುತ್ತಾರಂತೆ.

ಫೆಬ್ರವರಿಯ ಒಂದು ಭಾನುವಾರ ನಾನು ಅಂಗಡಿಗಳಿಗೆ ಹೋಗಿ ಬರುವಷ್ಟರಲ್ಲಿ ನಮ್ಮವರು ಮೆಟ್ಟಿಲ ಕೆಳಗೆ ಕೂತಿದ್ದರು. ಪಕ್ಕದಲ್ಲಿ ಅಳತೆಯ ಟೇಪು, ಬ್ಲೇಡು, ದಪ್ಪ ಥರ್ಮಾಕೋಲ್ ಹಾಳೆಗಳು. ಪೇಟಿಯ ಒಳಮೈಗೆ, ಮುಚ್ಚಳಕ್ಕೆ, ಒಂದು ಕೂದಲು ಸಂದಿಯೂ ಉಳಿಯದ ಹಾಗೆ ಕತ್ತರಿಸಿ ಕೂರಿಸುತ್ತಿದ್ದರು. ಬಲ್ಬುಗಳ ಸುತ್ತ ಮಾತ್ರ ತಗಡು ಬಡಿದಿದ್ದರು. ಮೂಲೆಯಲ್ಲಿ ಒಂದು ಇನ್ವರ್ಟರ್ ಬ್ಯಾಟರಿಯೂ ಬಂದು ಕೂತಿತ್ತು. ನಾನು ಬಾಗಿಲಲ್ಲೇ ನಿಂತೆ.

“ಇದೆಲ್ಲ ಯಾಕ್ರೀ?”

ತಲೆ ಎತ್ತದೆ, “ಮುಂದಿನ ಚಳಿಗಾಲಕ್ಕೆ ಕಿತ್ಕೊಳ್ಳೋಕೆ ನಮ್ಮ ರಜಾಯಿ ಇರಲ್ವಲ್ಲ” ಅಂದರು.

ಇಷ್ಟು ಕೇಳಿದವರು ಮದುವೆ ಉಳಿಯಿತೇ ಎಂದು ಕೇಳಿಯೇ ಕೇಳುತ್ತಾರೆ. ಉಳಿಯಿತು. ರೈಲಿನಲ್ಲಿ ಓಡಾಡಿಕೊಂಡೇ ಉಳಿಯಿತು. ಬೇಸಿಗೆಯಲ್ಲಿ ನಾನು ಹೋಗುತ್ತಿದ್ದೆ, ಚಳಿಗಾಲದಲ್ಲಿ ಅವರು ಬರುತ್ತಿದ್ದರು. ಮಗಳು ಅಜ್ಜಿಯ ಕೈಯಲ್ಲಿ ಬೆಳೆದಳು, ಒಳ್ಳೆಯ ಕನ್ನಡ ಕಲಿತಳು. ಅವಳು ದೊಡ್ಡವಳಾದದ್ದನ್ನು ನನಗೆ ಫೋನಿನಲ್ಲಿ ಹೇಳಿದರು. ಆದರೂ ಆ ಚಳಿಗಾಲ ಇನ್ನೊಮ್ಮೆ ಬಂದರೆ ಏನು ಮಾಡುತ್ತೀ ಎಂದು ಕೇಳಿದರೆ, ಅದನ್ನೇ ಮಾಡುತ್ತೇನೆ.

ಮಾರ್ಚ್ ಕೊನೆಗೆ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋದೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದಾರಿಗೆ ಇಡ್ಲಿ, ಚಟ್ನಿಪುಡಿ ಕಟ್ಟಿಕೊಟ್ಟೆ. ನಮ್ಮವರು ಸಾಮಾನು ಜೋಡಿಸಿ, ನೀರಿನ ಬಾಟಲಿ ತರುತ್ತೇನೆಂದು ಇಳಿದು, ತಂದು, ನನ್ನ ಕೈಗೆ ಒಂದು ಬಾಟಲಿ ಕೊಟ್ಟು, “ಊಟ ಮಾಡು” ಅಂದರು. ಮೇಘಾ ಕಿಟಕಿಯ ಸರಳುಗಳ ನಡುವಿನಿಂದ ಕೈ ಹೊರಗೆ ಹಾಕಿ ನನ್ನ ಬೆರಳು ಹಿಡಿದುಕೊಂಡಿದ್ದಳು. ನನ್ನ ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು. ಅದನ್ನು ತನ್ನ ಉಗುರಿನಿಂದ ಕೆರೆದು ತೆಗೆಯುತ್ತ ಕೂತಳು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಕೊಡು ಅಂದಳು. ಆ ಕೈಯಲ್ಲಿ ಎರಡು ಬೆರಳು ಉಳಿದಿರುವಾಗ ರೈಲು ಕದಲಿತು.

ಮನೆಗೆ ಬಂದಾಗ ಬೆಳಿಗ್ಗೆ ನೆನೆಹಾಕಿದ್ದ ಉದ್ದು ಹದಕ್ಕೆ ಬಂದಿತ್ತು. ಇನ್ನು ತಡಮಾಡಿದರೆ ಲೋಳೆಯಾಗುತ್ತದೆ. ತೊಳೆದೆ, ನೀರು ಬಸಿದೆ, ಗ್ರೈಂಡರಿಗೆ ಹಾಕಿ ಸ್ವಿಚ್ ಒತ್ತಿದೆ. ಕಲ್ಲು ತಿರುಗತೊಡಗಿದ ಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಅಳು ಬಂತು. ತಡೆಯಲಿಲ್ಲ, ಬಾಯಿಬಿಟ್ಟು ಅತ್ತೆ. ಸಂತೋಷ್ ಆಂಟಿ ಮೇಲಿಂದ ಇಳಿದು ಬಂದು ನೋಡಿ, ಗ್ರೈಂಡರ್ ಆರಿಸಲು ಸ್ವಿಚ್ಚಿಗೆ ಕೈ ಹಾಕಿದರು. ನಾನು ಅಳುತ್ತಲೇ ಎದ್ದು ಅವರ ಕೈ ಸರಿಸಿದೆ.